9 ವರ್ಷದ ಮೇಲೆ ಅಕ್ಕನ ಎದೆಯ ಇಂಪ್ಲಾಂಟ್ ಕಡೆ ಊತ. ನೀರು ತೆಗೆಸಿದೆವು, ಮತ್ತೆ ತುಂಬಿಕೊಂಡಿದೆ

ಮದ್ದೂರಿನ ತಂಗಿ
ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಕೇಳುವುದು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಗಂಡಸರೂ ಓದುತ್ತೀರಿ, ಪರವಾಗಿಲ್ಲ, ಓದಿ.

ಅಕ್ಕನ ಮನೆ ಮಂಡ್ಯದಲ್ಲಿ. ಈಗ 51 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಟೀಚರ್. 9 ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿ ಬಲಗಡೆ ಪೂರ್ತಿ ತೆಗೆದರು. ಅದೇ ಆಪರೇಷನ್‌ನಲ್ಲಿ ಎದೆಯ ಆಕಾರಕ್ಕೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಜೆಲ್ ತುಂಬಿದ ಚೀಲ, ಇಟ್ಟರು. ಬೆಂಗಳೂರಿನಲ್ಲಿ ಆಗಿದ್ದು. ಕೀಮೋ ಆಯಿತು, ಕರೆಂಟೂ (ರೇಡಿಯೇಷನ್) ಕೊಟ್ಟರು. 5 ವರ್ಷ ತಪ್ಪದೆ ಚೆಕಪ್‌ಗೆ ಹೋದಳು. ಆಮೇಲೆ ಕೊರೊನಾ, ಅದು ಇದು ಅಂತ ಬಿಟ್ಟೇಹೋಯಿತು.

ಹೋದ ತಿಂಗಳು ಮದುವೆಗೆ ರವಿಕೆ ಹೊಲಿಸಿದಳು. ಬಲಗಡೆ ಬಿಗಿ. ಟೈಲರ್ ಅಳತೆ ತಪ್ಪಿಸಿದ್ದಾನೆ ಅಂತ ಎರಡು ಸಲ ಬಿಚ್ಚಿಸಿ ಹೊಲಿಸಿದಳು. ಮೂರನೇ ಸಲ ಅವನು, 'ಅಮ್ಮ, ಅಳತೆ ಸರಿಯಾಗೇ ಇದೆ, ನೀವೇ ಒಂದ್ಸಲ ನೋಡ್ಕೊಳ್ಳಿ' ಅಂದನಂತೆ. ಆಗಲೇ ಕನ್ನಡಿ ಮುಂದೆ ನಿಂತು ನೋಡಿಕೊಂಡಿದ್ದು. ಬಲಗಡೆ ದಪ್ಪ ಆಗಿದೆ. ನೋವಿಲ್ಲ, ಜ್ವರ ಇಲ್ಲ.

ಹತ್ತಿರದ ಒಂದು ನರ್ಸಿಂಗ್ ಹೋಂಗೆ ಹೋದೆವು. ಅಲ್ಲೇ ಮಂಚದ ಮೇಲೆ ಮಲಗಿಸಿ ಸೂಜಿ ಹಾಕಿ ನೀರು ತೆಗೆದರು. ಹೆಚ್ಚುಕಮ್ಮಿ ಒಂದು ಕಾಫಿ ಲೋಟದಷ್ಟು. 'ಇನ್‌ಫೆಕ್ಷನ್ ಇರಬೇಕು' ಅಂತ 5 ದಿನಕ್ಕೆ ಮಾತ್ರೆ ಬರೆದರು. ನೀರನ್ನು ಸಿಂಕ್‌ಗೆ ಸುರಿದರು, ನಾನೇ ನೋಡಿದೆ. 12 ದಿನ ಆಯಿತು. ಮತ್ತೆ ತುಂಬಿಕೊಂಡಿದೆ.

ಕ್ಯಾನ್ಸರ್ ವಾಪಸ್ ಬಂತಾ? ಇಂಪ್ಲಾಂಟ್‌ಗೆ ಎಕ್ಸ್‌ಪೈರಿ ಇರುತ್ತಾ? ಮನೆ ಬದಲಾಯಿಸಿದಾಗ ಇಂಪ್ಲಾಂಟಿನ ಕಾಗದ ಎಲ್ಲೋ ಹೋಗಿದೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕುಕ್ಕರಹಳ್ಳಿ ಸಿಸ್ಟರ್
ಮಂಗಳವಾರ, ಬೆಳಿಗ್ಗೆ 6:15

ತಂಗಿ, ನಾನು ಡಾಕ್ಟರ್ ಅಲ್ಲ. ಸ್ಟಾಫ್ ನರ್ಸ್ ಆಗಿ 31 ವರ್ಷ ದುಡಿದು ರಿಟೈರ್ ಆದವಳು. ಜಾಸ್ತಿ ದಿನ ಸರ್ಜರಿ ವಾರ್ಡ್‌ನಲ್ಲೇ ಇದ್ದೆ. ಕೆರೆ ಸುತ್ತು ಹಾಕಲು ಹೊರಟಿದ್ದೆ, ನಿಮ್ಮದು ಓದಿ ಮತ್ತೆ ಕೂತೆ.

ಹೆದರಬೇಡಿ. ಆದರೆ ಇದೇ ವಾರ ತೋರಿಸಿ.

ಆಪರೇಷನ್ ಆದ ಹೊಸದರಲ್ಲಿ ನೀರು ತುಂಬುವುದು, ರಕ್ತ ಕಟ್ಟುವುದು, ಕೀವಾಗುವುದು ಇದ್ದದ್ದೇ. ಅದು ಬೇರೆ ಲೆಕ್ಕ. ಒಂದು ವರ್ಷ ದಾಟಿದ ಮೇಲೆ, ಏಟು ಬಿದ್ದಿಲ್ಲ, ಜ್ವರ ಇಲ್ಲ, ಸುಮ್ನೆ ಒಂದು ಕಡೆ ನೀರು ತುಂಬಿ ಊದಿದರೆ ಅದರ ಲೆಕ್ಕವೇ ಬೇರೆ. ಆ ನೀರನ್ನು ಚೆಲ್ಲಬಾರದು ಕಣಮ್ಮ. ಲ್ಯಾಬ್‌ಗೆ ಕಳಿಸಬೇಕು. ಸಿಂಕ್‌ಗೆ ಸುರಿದರು ಅಂತ ಓದಿ ನನಗೆ ಸಿಟ್ಟು ಬಂತು.

ಯಾಕೆ ಅಂದರೆ, ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಅಪರೂಪಕ್ಕೆ ಲಿಂಫೋಮಾ ಅನ್ನುವ ಬೇರೆ ಥರದ ಕ್ಯಾನ್ಸರ್ ಬರುತ್ತದೆ. ಹೆಸರು ಬಿಐಎ-ಎಎಲ್‌ಸಿಎಲ್. ಇದು ಎದೆಯ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳಲ್ಲಿ ಆಗುವುದು. ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2011ರಲ್ಲಿ ಮೊದಲು ಎಚ್ಚರಿಸಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿತು. ಮೇಲ್ಮೈ ನಯವಾಗಿರದೆ ತರಿತರಿಯಾಗಿರುವ ಇಂಪ್ಲಾಂಟ್‌ಗಳಲ್ಲೇ ಹೆಚ್ಚಾಗಿ ಕಂಡಿದೆ. ಹಾಕಿಸಿ ಹಲವು ವರ್ಷ ಆದ ಮೇಲೆ, 8-10 ವರ್ಷದ ಹೊತ್ತಿಗೆ, ಹೀಗೇ ನೀರು ತುಂಬಿ ಊದಿಕೊಂಡು ಕಾಣಿಸಿಕೊಳ್ಳುವುದು ಜಾಸ್ತಿ.

ನಿಮ್ಮ ಅಕ್ಕನಿಗೆ ಅದೇ ಅಂತ ನಾನು ಹೇಳುತ್ತಿಲ್ಲ. ತಡವಾಗಿ ನೀರು ತುಂಬಿದವರಲ್ಲಿ ಹೆಚ್ಚಿನವರಿಗೆ ಅದು ಇರುವುದಿಲ್ಲ. ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಸೂಜಿ ಹಾಕಬೇಕು. ಕುರುಡಾಗಿ ಚುಚ್ಚಿದರೆ ಇಂಪ್ಲಾಂಟ್‌ಗೇ ತೂತು ಬೀಳಬಹುದು. ನೀರಿನ ಜೊತೆ ಹೋಗುವ ಚೀಟಿಯಲ್ಲಿ 'ಇಂಪ್ಲಾಂಟ್ ಇದೆ, ಸಿಡಿ30 ನೋಡಿ' ಅಂತ ಬರೆದಿರಬೇಕು. ಸಿಡಿ30 ಅಂದರೆ ಆ ಲಿಂಫೋಮಾ ಕಣಗಳ ಮೇಲೆ ಸಿಗುವ ಗುರುತು. ಬರೆಯದಿದ್ದರೆ ಲ್ಯಾಬಿನವರು ಸಾಮಾನ್ಯ ಟೆಸ್ಟ್ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಹಳೇ ಕ್ಯಾನ್ಸರ್ ವಾಪಸ್ ಬಂತಾ ಅನ್ನುವುದನ್ನೂ ಅವರೇ ನೋಡಬೇಕು. ಪ್ಲಾಸ್ಟಿಕ್ ಸರ್ಜನ್, ಕ್ಯಾನ್ಸರ್ ಡಾಕ್ಟರ್ ಇಬ್ಬರೂ ಇರುವ ಕಡೆ ಹೋಗಿ.

ಗೌಡ್ರು 77
ಮಂಗಳವಾರ, ಬೆಳಿಗ್ಗೆ 8:02

ಕ್ಯಾನ್ಸರ್ ಹೋಯ್ತಲ್ಲ, ಅದೇ ದೇವರು ದೊಡ್ಡವನು. ಆ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ? ಕೇಳಿದೆ ಅಷ್ಟೇ, ಬೇಜಾರು ಮಾಡ್ಕೋಬೇಡಿ.

ಮದ್ದೂರಿನ ತಂಗಿ
ಮಂಗಳವಾರ, ಬೆಳಿಗ್ಗೆ 9:30

ಬೇಜಾರಾಯಿತು ಗೌಡ್ರೇ. ಆಗ ಅವಳಿಗೆ 42. ದಿನಾ 50 ಮಕ್ಕಳ ಮುಂದೆ ಕೈ ಎತ್ತಿ ಬೋರ್ಡ್ ಮೇಲೆ ಬರೆಯುವ ಕೆಲಸ. ಒಂದು ಕಡೆ ಬಟ್ಟೆ ತುರುಕಿಕೊಂಡು, ಅದು ಜಾರಿತೋ ಏನೋ ಅಂತ ಸೆರಗು ನೋಡಿಕೊಳ್ಳುತ್ತಾ ಪಾಠ ಮಾಡಲು ಆಗಲ್ಲ ಅಂದಳು. ಬಿದ್ದ ಹಲ್ಲು ಕಟ್ಟಿಸಿಕೊಂಡವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಸಿಸ್ಟರ್, ತುಂಬಾ ಥ್ಯಾಂಕ್ಸ್. ಗುರುವಾರಕ್ಕೆ ಮೈಸೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಇನ್ನೊಂದು ಮಾತು. ಆ ಕಡೆ ಮೊದಲಿನಿಂದಲೂ ಗಟ್ಟಿ. ಕಲ್ಲಿನ ಹಾಗೆ ಅಲ್ಲ, ಹಸಿ ಸೀಬೆಕಾಯಿ ಥರ. ಇಂಪ್ಲಾಂಟ್ ಅಂದರೆ ಹಾಗೇ ಇರುತ್ತೆ ಅಂದುಕೊಂಡಿದ್ದೆವು.

ಹೆಸರು ಬೇಡ
ಮಂಗಳವಾರ, ಮಧ್ಯಾಹ್ನ 1:18

ಹಾಗೆ ಇರುವುದಿಲ್ಲ ಅಕ್ಕ. ನನಗೆ ಗೊತ್ತು.

ನಾನು ಮೈಸೂರಿನವಳು, ಈಗ 34. ನನಗೆ ಕಾಯಿಲೆ ಏನೂ ಇರಲಿಲ್ಲ. 24ರಲ್ಲಿ ದುಡ್ಡು ಕೂಡಿಟ್ಟು, ಬೇರೆ ಊರಿಗೆ ಹೋಗಿ, ಎರಡೂ ಕಡೆ ಹಾಕಿಸಿಕೊಂಡೆ. ಮನೆಯಲ್ಲಿ ಟ್ರೈನಿಂಗ್ ಅಂದಿದ್ದೆ. ಬೇಕಿತ್ತಾ ಅಂತ ಕೇಳುವವರು ದಯವಿಟ್ಟು ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ.

ಮೈಯೊಳಗೆ ಯಾವ ಹೊರಗಿನ ವಸ್ತು ಇಟ್ಟರೂ ಅದರ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುತ್ತದೆ, ತೊಂದರೆ ಇಲ್ಲ. ಕೆಲವರಿಗೆ ಆ ಪೊರೆ ದಪ್ಪವಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡಲು ಶುರುಮಾಡುತ್ತದೆ. ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಇಂಪ್ಲಾಂಟ್ ತೊಂದರೆಗಳಲ್ಲಿ ತೀರಾ ಸಾಮಾನ್ಯವಾದದ್ದು ಇದೇ. ಬೇಕರ್ ಅನ್ನುವವರ ಹೆಸರಲ್ಲಿ 4 ಗ್ರೇಡ್ ಇದೆ. 1 ಅಂದರೆ ಮೆತ್ತಗೆ. 2 ಅಂದರೆ ಮುಟ್ಟಿದರೆ ಗಟ್ಟಿ, ನೋಡಲು ಸರಿ. 3 ಅಂದರೆ ಆಕಾರವೂ ಕೆಟ್ಟಿದೆ. 4 ಅಂದರೆ ಕಲ್ಲು, ಜೊತೆಗೆ ನೋವು.

ನನ್ನದು ಎಡಗಡೆ ಮೂರನೇ ವರ್ಷಕ್ಕೆ 2, ಐದಕ್ಕೆ 4. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮಗು ಎದೆಗೊರಗಿದರೆ ಪ್ರಾಣ ಹೋದ ಹಾಗೆ. ಪೊರೆ ತೆಗೆದು ಹೊಸ ಇಂಪ್ಲಾಂಟ್ ಹಾಕಿದರು. 2 ವರ್ಷಕ್ಕೆ ಮತ್ತೆ ಗಟ್ಟಿ. ಹೋದ ವರ್ಷ ಎರಡೂ ತೆಗೆಸಿಬಿಟ್ಟೆ. ಗಂಡನಿಗೆ ಮದುವೆಗೆ ಮೊದಲೇ ಹೇಳಿದ್ದೆ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಹಾಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ತೊಟ್ಟಿನ ಸುತ್ತ ಕೊಯ್ದು ಹಾಕಿದರೆ ಹಾಲಿನ ನಾಳ, ನರಕ್ಕೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ. ನನಗೆ ಒಂದು ಕಡೆ ಹಾಲು ಕಡಿಮೆ ಇತ್ತು, ತೊಟ್ಟಿಗೆ ಸ್ಪರ್ಶವೂ ಇರಲಿಲ್ಲ. ಆ ಪ್ರಶ್ನೆ ಕೇಳಲು 24ರಲ್ಲಿ ಹೊಳೆದಿರಲಿಲ್ಲ.

ನಿಮ್ಮ ಅಕ್ಕನಿಗೆ ಕರೆಂಟ್ ಕೊಟ್ಟಿದ್ದಾರೆ ಅಂದಿರಲ್ಲ, ಅದಾದವರಿಗೆ ಪೊರೆ ಬಿಗಿಯುವುದು ಇನ್ನೂ ಜಾಸ್ತಿ.

ಕುಕ್ಕರಹಳ್ಳಿ ಸಿಸ್ಟರ್
ಮಂಗಳವಾರ, ರಾತ್ರಿ 8:50

ಇಷ್ಟು ಬಿಚ್ಚಿ ಬರೆದದ್ದು ದೊಡ್ಡ ಮಾತು ಮಗಳೇ.

ತಂಗಿ ಕೇಳಿದ ಎಕ್ಸ್‌ಪೈರಿ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಒಳಗೆ ಇಟ್ಟ ಮೇಲೆ, ಔಷಧಿ ಬಾಟಲಿಗೆ ಇರುವ ಹಾಗೆ ತಾರೀಖು ಇರುವುದಿಲ್ಲ. ಆದರೆ ಜೀವಮಾನಕ್ಕೆ ಅಂತ ಮಾಡಿದ್ದೂ ಅಲ್ಲ. ವರ್ಷ ಕಳೆದಷ್ಟೂ ತೊಂದರೆಯ ಸಾಧ್ಯತೆ ಏರುತ್ತದೆ. 2011ರಲ್ಲಿ ಎಫ್‌ಡಿಎ ಕೊಟ್ಟ ಲೆಕ್ಕದಲ್ಲಿ, ಅಂದಕ್ಕೆ ಹಾಕಿಸಿಕೊಂಡ 5 ಜನರಲ್ಲಿ ಒಬ್ಬರಿಗೆ, ಕ್ಯಾನ್ಸರ್ ಥರದ ಕಾರಣಕ್ಕೆ ಹಾಕಿಸಿಕೊಂಡ 2 ಜನರಲ್ಲಿ ಒಬ್ಬರಿಗೆ 10 ವರ್ಷದೊಳಗೆ ತೆಗೆಸುವ ಪರಿಸ್ಥಿತಿ ಬರಬಹುದು. ಆಪರೇಷನ್‌ಗೆ ಮುಂಚೆ ಇದನ್ನು ಎಷ್ಟು ಜನಕ್ಕೆ ಹೇಳುತ್ತಾರೋ. ನಮ್ಮಲ್ಲಿ ಸಹಿ ಹಾಕಿಸುವ ಕಾಗದ ಓದಲು ಯಾರು ಬಿಡುತ್ತಾರೆ?

ಎಕ್ಸ್‌ರೇ ರೂಮ್
ಬುಧವಾರ, ಬೆಳಿಗ್ಗೆ 7:25

ನಾನು ಮೈಸೂರಿನಲ್ಲಿ ರೇಡಿಯಾಗ್ರಫರ್. ನನ್ನ ಕಡೆಯ ವಿಷಯ ಹೇಳುತ್ತೇನೆ.

ಸಿಲಿಕೋನ್ ಇಂಪ್ಲಾಂಟ್ ಒಡೆದರೆ ಹೊರಗೆ ಏನೂ ಕಾಣದೇ ಇರಬಹುದು. ಉಪ್ಪುನೀರಿನದು ಒಡೆದರೆ ಬಲೂನ್ ಹಾಗೆ ಇಳಿದುಹೋಗುತ್ತದೆ, ನೀರನ್ನು ಮೈ ಹೀರಿಕೊಳ್ಳುತ್ತದೆ, ತಕ್ಷಣ ಗೊತ್ತಾಗುತ್ತದೆ. ಸಿಲಿಕೋನ್ ಜೆಲ್ ಗಟ್ಟಿ. ಚೀಲ ಒಡೆದರೂ ಜೆಲ್ ಪೊರೆಯೊಳಗೇ ಕೂತಿರುತ್ತದೆ. ಅದಕ್ಕೇ ಎಫ್‌ಡಿಎ 2021ರಲ್ಲಿ ಹೇಳಿದ್ದು: ಸಿಲಿಕೋನ್ ಇದ್ದವರು ತೊಂದರೆ ಇಲ್ಲದಿದ್ದರೂ ಹಾಕಿಸಿ 5-6 ವರ್ಷ ಆದಾಗ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು, ಆಮೇಲೆ 2-3 ವರ್ಷಕ್ಕೊಮ್ಮೆ. ಇಂಪ್ಲಾಂಟ್ ಜೊತೆ ಬರುವ ಮಾಹಿತಿ ಪತ್ರದಲ್ಲಿ ದಪ್ಪ ಚೌಕಟ್ಟಿನ ಎಚ್ಚರಿಕೆಯನ್ನೂ ಆಗಲೇ ಕಡ್ಡಾಯ ಮಾಡಿದರು.

ಎಂಆರ್‌ಐನಲ್ಲಿ ಒಡೆದ ಚೀಲ ಜೆಲ್ ಒಳಗೆ ಮಡಿಕೆ ಮಡಿಕೆಯಾಗಿ ತೇಲುವುದು ಕಾಣುತ್ತದೆ. ಪುಸ್ತಕದಲ್ಲಿ ಲಿಂಗ್ವಿನಿ ಅಂತ ಯಾವುದೋ ಇಟಲಿ ತಿಂಡಿಯ ಹೆಸರಿಟ್ಟಿದ್ದಾರೆ. ನನ್ನ ಕಣ್ಣಿಗೆ ಅದು ಶಾವಿಗೆ. ಜೆಲ್ ಪೊರೆ ದಾಟಿ ಹೊರಗೆ ಬಂದರೆ ಅಲ್ಟ್ರಾಸೌಂಡ್‌ನಲ್ಲಿ ಹಿಮ ಸುರಿದ ಹಾಗೆ ಅನ್ನುತ್ತಾರೆ. ನಾವು ಹಿಮ ಎಲ್ಲಿ ನೋಡಿದ್ದೇವೆ? ಹಳೇ ಟಿವಿಯಲ್ಲಿ ಆಂಟೆನಾ ತಿರುಗಿದಾಗ ಚುಕ್ಕಿ ಚುಕ್ಕಿ ಬರುತ್ತಿತ್ತಲ್ಲ, ಹಾಗೆ. ಒಡೆದಿದೆಯಾ ಅಂತ ನೋಡುವುದಕ್ಕೆ ಮಾತ್ರ ಆದರೆ ಚಿತ್ರ ಸ್ಪಷ್ಟವಾಗಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ.

ಮ್ಯಾಮೊಗ್ರಾಂಗೆ ಬರುವವರು ಇಂಪ್ಲಾಂಟ್ ಇದೆ ಅಂತ ದಯವಿಟ್ಟು ಮೊದಲೇ ಹೇಳಿ. ಎಷ್ಟೋ ಜನ ಜೊತೆಗೆ ಅತ್ತೆ ಬಂದಿದ್ದಾರೆ ಅಂತ ಹೇಳುವುದೇ ಇಲ್ಲ. ಇಂಪ್ಲಾಂಟ್ ಹಿಂದಿನದ್ದನ್ನು ಮರೆಮಾಡುತ್ತದೆ. ಅದನ್ನು ಹಿಂದಕ್ಕೆ ಸರಿಸಿ ಬೇರೆ ಚಿತ್ರ ತೆಗೆಯಬೇಕು. ಸಾಮಾನ್ಯವಾಗಿ ಒಂದು ಕಡೆಗೆ 2 ಚಿತ್ರ, ಇಂಪ್ಲಾಂಟ್ ಇದ್ದರೆ 4. ಒಳಗೆ ಬಂದು ಕಿವಿಯಲ್ಲಿ ಹೇಳಿದರೂ ಸಾಕು. ತಂಗಿ, ಅಕ್ಕನ ಎಡಗಡೆ ಮ್ಯಾಮೊಗ್ರಾಂ ಬಿಟ್ಟಿದ್ದರೆ ಅದನ್ನೂ ಮಾಡಿಸಿ.

ಸರಸ್ವತಿಪುರಂ ಓದುಗಿ
ಬುಧವಾರ, ಬೆಳಿಗ್ಗೆ 11:40

ನಾನೊಂದು ಮಾತು ಹೇಳುತ್ತೇನೆ, ಯಾರೂ ಹೇಳುತ್ತಿಲ್ಲ. ಇಂಪ್ಲಾಂಟ್ ವಿಷ. ನನ್ನ ನಾದಿನಿಗೆ ಹಾಕಿಸಿದ 2 ವರ್ಷಕ್ಕೆ ಕೀಲುನೋವು, ಸುಸ್ತು, ಮರೆವು, ಕೂದಲು ಉದುರುವುದು. ಥೈರಾಯ್ಡ್, ವಿಟಮಿನ್ ಎಲ್ಲ ಟೆಸ್ಟ್ ನಾರ್ಮಲ್. 'ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಅಂತ ಕಳಿಸುತ್ತಿದ್ದರು. ತೆಗೆಸಿದ ಮೇಲೆ 4 ತಿಂಗಳಿಗೆ ಮನುಷ್ಯಳಾದಳು. ಹಾಕಿಸಿಕೊಂಡವರೆಲ್ಲ ತೆಗೆಸಿಬಿಡಿ.

ಕುಕ್ಕರಹಳ್ಳಿ ಸಿಸ್ಟರ್
ಬುಧವಾರ, ಸಂಜೆ 5:05

ನಾದಿನಿಯ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಬ್ರೆಸ್ಟ್ ಇಂಪ್ಲಾಂಟ್ ಇಲ್‌ನೆಸ್ ಅಂತ ಅದಕ್ಕೆ ಹೆಸರೇ ಇದೆ. 2021ರ ಎಫ್‌ಡಿಎ ಎಚ್ಚರಿಕೆಯಲ್ಲೂ ಸುಸ್ತು, ಕೀಲುನೋವು ಇವೆಲ್ಲ ಸೇರಿವೆ. ತೆಗೆಸಿದ ಮೇಲೆ ಹಗುರಾದವರು ತುಂಬಾ ಜನ ಇದ್ದಾರೆ. ಆದರೆ ಅದನ್ನು ಹಿಡಿಯುವ ಟೆಸ್ಟ್ ಇಲ್ಲ. ತೆಗೆಸಿದ ಮೇಲೂ ಹಾಗೇ ಉಳಿದವರೂ ಇದ್ದಾರೆ. ಥೈರಾಯ್ಡ್, ರಕ್ತಹೀನತೆ, ಸಂಧಿವಾತ ಇವನ್ನೆಲ್ಲ ನೋಡಿಯೇ ಆ ತೀರ್ಮಾನಕ್ಕೆ ಬರಬೇಕು. ನಿಮ್ಮವರು ನೋಡಿಸಿದ್ದಾರೆ, ಸರಿ.

ಆದರೆ 'ಎಲ್ಲರೂ ತೆಗೆಸಿಬಿಡಿ' ಅನ್ನುವುದು ತಪ್ಪು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ತರಿತರಿ ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡರು. ಆಗ ಎಫ್‌ಡಿಎಗೆ ಗೊತ್ತಿದ್ದ 573 ಲಿಂಫೋಮಾ ಪ್ರಕರಣಗಳಲ್ಲಿ 481 ಆ ಕಂಪನಿಯದ್ದಕ್ಕೆ ಸೇರಿದ್ದವು. ಅಂಥ ಇಂಪ್ಲಾಂಟ್ ಇದ್ದವರಿಗೂ, ತೊಂದರೆ ಇಲ್ಲದಿದ್ದರೆ ಸುಮ್ನೆ ತೆಗೆಸಿ ಅಂತ ಅವರು ಹೇಳಲಿಲ್ಲ. ತೆಗೆಯುವುದೂ ಒಂದು ಆಪರೇಷನ್ನೇ. ಅನಸ್ತೇಸಿಯಾ, ರಕ್ತ, ಹೊಲಿಗೆ ಎಲ್ಲ ಇದ್ದೇ ಇದೆ.

ಹಾಗಂತ ಕಂಪನಿಗಳನ್ನು ಕಣ್ಣುಮುಚ್ಚಿ ನಂಬಿ ಅಂತಲೂ ಅಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಕೆಲಸದ ಅಗ್ಗದ ಸಿಲಿಕೋನ್ ತುಂಬಿ ಮಾರುತ್ತಿತ್ತು. 2010ರಲ್ಲಿ ಸಿಕ್ಕಿಬಿತ್ತು. ಯಜಮಾನನಿಗೆ 2013ರಲ್ಲಿ 4 ವರ್ಷ ಜೈಲು ಆಯಿತು. ಅಷ್ಟರಲ್ಲಿ ಎಷ್ಟು ದೇಶದ ಹೆಣ್ಣುಮಕ್ಕಳ ಮೈಯಲ್ಲಿ ಅದು ಕೂತಿತ್ತೋ.

ಸರಸ್ವತಿಪುರಂ ಓದುಗಿ
ಬುಧವಾರ, ಸಂಜೆ 5:31

ಎಲ್ಲರೂ ಅಂದಿದ್ದು ಸಿಟ್ಟಿಗೆ. ಆದರೆ 'ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಅನ್ನುವ ಮಾತನ್ನು 2 ವರ್ಷ ಕೇಳಿ ನೋಡಿ ಸಿಸ್ಟರ್.

ಕುಕ್ಕರಹಳ್ಳಿ ಸಿಸ್ಟರ್
ಬುಧವಾರ, ಸಂಜೆ 5:40

ಅದು ನಿಜ.

ಕಬ್ಬಿನ ಗದ್ದೆ
ಬುಧವಾರ, ರಾತ್ರಿ 9:12

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೆ 19. ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಫೋನಿನಲ್ಲಿ ಯಾರದೋ ವಿಡಿಯೋ ನೋಡಿ ಹಾಕಿಸಿಕೊಳ್ಳುತ್ತೇನೆ ಅಂತ ಹಟ. ಅವಳ ಅಮ್ಮ ಮಾತು ಬಿಟ್ಟಿದ್ದಾಳೆ. ಇನ್ಶೂರೆನ್ಸ್ ಬರುತ್ತಾ?

ಹೆಸರು ಬೇಡ
ಬುಧವಾರ, ರಾತ್ರಿ 9:50

ಅಂದಕ್ಕೆ ಅಂದರೆ ಇನ್ಶೂರೆನ್ಸ್ ಬರುವುದಿಲ್ಲ ಅಣ್ಣ. ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟೇ ಬರೆದಿರುತ್ತಾರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವುದಕ್ಕೆ ವಿನಾಯಿತಿ ಇದೆ. ಮದ್ದೂರಿನ ಅಕ್ಕ, ನಿಮ್ಮದು ಆ ವಿನಾಯಿತಿಯಲ್ಲಿ ಬರುತ್ತದೆ. ಹಳೇ ಕ್ಯಾನ್ಸರ್ ಫೈಲ್ ಜೊತೆಗೇ ಕ್ಲೇಮ್ ಹಾಕಿ.

ಮಗಳ ವಿಷಯ. ಅಮೆರಿಕದಲ್ಲೇ ಅಂದಕ್ಕೆ ಸಿಲಿಕೋನ್ ಹಾಕಲು 22 ವರ್ಷಕ್ಕೆ ಮೇಲ್ಪಟ್ಟವರಿಗೆ ಮಾತ್ರ ಒಪ್ಪಿಗೆ ಇರುವುದು, ಉಪ್ಪುನೀರಿನದಕ್ಕೆ 18. ಬೈಯಬೇಡಿ. ಬೈದರೆ ನನ್ನ ಹಾಗೆ ಟ್ರೈನಿಂಗ್ ಅಂತ ಹೇಳಿ ಹೋಗುತ್ತಾಳೆ. ಬೇಕಾದರೆ ನನ್ನ ಪೋಸ್ಟ್ ಓದಿಸಿ.

ಮದ್ದೂರಿನ ತಂಗಿ
ಶುಕ್ರವಾರ, ರಾತ್ರಿ 11:05

ನಿನ್ನೆ ಹೋಗಿ ಬಂದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ 'ಇಂಪ್ಲಾಂಟ್ ಕಾರ್ಡ್ ಎಲ್ಲಿ?' ಇಲ್ಲ ಅಂದಾಗ ಅವರ ಮುಖ ನೋಡಬೇಕಿತ್ತು. ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರೆ ಹಳೇ ರೆಕಾರ್ಡ್ ಹುಡುಕಲು ಅರ್ಜಿ ಕೊಡಿ ಅಂದರು.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಬೀರುವಿನಲ್ಲಿ, ಅಕ್ಕನ ಮದುವೆ ಸೀರೆಯ ಮಡಿಕೆಯಲ್ಲಿ. ಯಾರ ಕಣ್ಣಿಗೂ ಬೀಳಬಾರದು ಅಂತ ಅವಳೇ ಇಟ್ಟು ಮರೆತಿದ್ದಳು. ಕಂಪನಿ, ಅಳತೆ, ಲಾಟ್ ನಂಬರ್, ಸೀರಿಯಲ್ ನಂಬರ್ ಎಲ್ಲ ಇದೆ. ತರಿತರಿ ಮೇಲ್ಮೈಯದ್ದೇ. ಅದನ್ನು ಓದಿ ಕೈ ನಡುಗಿತು. ಮೊದಲು ಫೋಟೋ ತೆಗೆದು ನಮ್ಮಿಬ್ಬರ ಫೋನ್‌ನಲ್ಲೂ ಇಟ್ಟುಕೊಂಡೆ.

ಅಲ್ಟ್ರಾಸೌಂಡ್ ನೋಡುತ್ತಾ 110 ಎಂಎಲ್ ತೆಗೆದರು. ನಾನು ಕೇಳುವ ಮೊದಲೇ ಡಾಕ್ಟರ್ ಚೀಟಿಯಲ್ಲಿ ಸಿಡಿ30 ಬರೆದರು. ಸಿಸ್ಟರ್, ಆ ಕ್ಷಣ ನಿಮ್ಮನ್ನೇ ನೆನೆದೆ. ಎಂಆರ್‌ಐ ನಾಳೆ. ರಿಪೋರ್ಟ್‌ಗೆ ಒಂದು ವಾರ ಅಂದರು. ಅಕ್ಕ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, 'ಟೈಲರ್‌ಗೆ ಸಾರಿ ಹೇಳಬೇಕು ಕಣೇ' ಅಂದಳು.

ಎಕ್ಸ್‌ರೇ ರೂಮ್
ಶನಿವಾರ, ಬೆಳಿಗ್ಗೆ 7:00

ಎಂಆರ್‌ಐ ಟೆಕ್ನಿಷಿಯನ್‌ಗೆ ಕಾರ್ಡ್ ತೋರಿಸಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಎದೆಯಲ್ಲಿ ಇನ್ನೂ ಎಕ್ಸ್‌ಪ್ಯಾಂಡರ್ (ಇಂಪ್ಲಾಂಟ್‌ಗೆ ಮುಂಚೆ ಚರ್ಮ ಹಿಗ್ಗಿಸಲು ಇಡುವ ಚೀಲ) ಇರುವವರು ಎಂಆರ್‌ಐಗೆ ಮುಂಚೆ ಹೇಳಲೇಬೇಕು. ಹಲವು ಮಾದರಿಗಳಲ್ಲಿ ಅಯಸ್ಕಾಂತ ಇರುತ್ತದೆ.

ಮದ್ದೂರಿನ ತಂಗಿ
ಮುಂದಿನ ಶನಿವಾರ, ಸಂಜೆ 6:30

ರಿಪೋರ್ಟ್ ಬಂತು. ಸಿಡಿ30 ನೆಗೆಟಿವ್. ನೀರಿನಲ್ಲಿ ಕ್ಯಾನ್ಸರ್ ಕಣ ಯಾವುದೂ ಇಲ್ಲ. ಎಡಗಡೆ ಮ್ಯಾಮೊಗ್ರಾಂ ಸರಿಯಾಗಿದೆ. ಆದರೆ ಎಂಆರ್‌ಐನಲ್ಲಿ ಇಂಪ್ಲಾಂಟ್ ಒಡೆದಿದೆ. ಎಕ್ಸ್‌ರೇ ರೂಮ್ ಅವರೇ, ನೀವು ಹೇಳಿದ ಶಾವಿಗೆ ನಮಗೂ ತೋರಿಸಿದರು. ಜೆಲ್ ಪೊರೆಯೊಳಗೇ ಇದೆ. ಯಾವಾಗ ಒಡೆಯಿತು ಅಂತ ಹೇಳಲು ಆಗಲ್ಲವಂತೆ. ನರ್ಸಿಂಗ್ ಹೋಂ ಸೂಜಿಯಿಂದಲಾ ಅಂತ ಕೇಳಿದೆ. ಡಾಕ್ಟರ್ ಉತ್ತರ ಕೊಡಲಿಲ್ಲ.

ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆಯಬೇಕು. ಪೊರೆಯನ್ನು ಬಯಾಪ್ಸಿಗೆ ಕಳಿಸುತ್ತಾರೆ. ಒಡೆದದ್ದನ್ನು ವರದಿ ಮಾಡುವುದು ಎಲ್ಲಿ?

ಕುಕ್ಕರಹಳ್ಳಿ ಸಿಸ್ಟರ್
ಮುಂದಿನ ಶನಿವಾರ, ರಾತ್ರಿ 7:15

ಚಾಮುಂಡಿ ತಾಯಿ ದೊಡ್ಡವಳು. ಈಗ ಕಾಫಿ ಕುಡಿಯುತ್ತೇನೆ.

ವೈದ್ಯಕೀಯ ಸಾಧನಗಳಿಂದ ಆದ ತೊಂದರೆ ದಾಖಲಿಸಲು ನಮ್ಮ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಅಂತ ಕಾರ್ಯಕ್ರಮ ಇದೆ. 2015ರಲ್ಲಿ ಶುರುವಾದದ್ದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ರೋಗಿಯ ಕಡೆಯವರೂ ಫಾರ್ಮ್ ತುಂಬಬಹುದು. ಕಾರ್ಡ್‌ನಲ್ಲಿರುವ ಲಾಟ್ ನಂಬರ್ ಅಲ್ಲಿ ಬೇಕಾಗುತ್ತದೆ. ತೆಗೆದ ಇಂಪ್ಲಾಂಟ್ ಎಸೆಯಬೇಡಿ, ಫೋಟೋ ತೆಗೆದಿಡಿ ಅಂತ ಆಪರೇಷನ್‌ಗೆ ಮುಂಚೆಯೇ ಹೇಳಿಬಿಡಿ.

ಮದ್ದೂರಿನ ತಂಗಿ
ಭಾನುವಾರ, ಬೆಳಿಗ್ಗೆ 10:20

ನಾನು ಅಕ್ಕ. ತಂಗಿಯ ಫೋನಿನಿಂದ ಬರೆಯುತ್ತಿದ್ದೇನೆ. ಎಲ್ಲವನ್ನೂ ಓದಿದೆ. ಗೌಡ್ರು ಬರೆದದ್ದನ್ನೂ ಓದಿದೆ. 9 ವರ್ಷ ಇದು ನನಗೆ ಉಪಯೋಗಕ್ಕೆ ಬಂದಿದೆ, ಹಾಕಿಸಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಚೆಕಪ್ ಬಿಟ್ಟಿದ್ದಕ್ಕೆ ಇದೆ.

ಡಾಕ್ಟರ್ ಮೂರು ದಾರಿ ಹೇಳಿದ್ದಾರೆ. ಹೊಸ ಇಂಪ್ಲಾಂಟ್, ಆದರೆ ಕರೆಂಟ್ ಕೊಟ್ಟ ಜಾಗ ಆದ್ದರಿಂದ ಮತ್ತೆ ಬಿಗಿಯಬಹುದು. ಬೆನ್ನಿನ ಸ್ನಾಯು ತಿರುಗಿಸಿ ಮುಂದಕ್ಕೆ ತರುವುದು. ಇಲ್ಲ, ತೆಗೆದು ಹಾಗೇ ಬಿಟ್ಟು ಬ್ರಾ ಒಳಗೆ ಪ್ಯಾಡ್. ಬೆನ್ನಿನದು ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಬಲಗೈ ಎತ್ತಿ ಬೋರ್ಡ್ ಮೇಲೆ ಬರೆಯಲು ಎಷ್ಟು ದಿನ ಬೇಕಾಯಿತು? ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆ.

ಪಾಂಡವಪುರ ಟೀಚರ್
ಭಾನುವಾರ, ರಾತ್ರಿ 8:44

ಮೇಡಂ, ನನಗೆ ಆಗಿದೆ, ನನ್ನದೂ ಬಲಗಡೆಯೇ. 6 ವಾರ ಭಾರ ಎತ್ತಲು ಬಿಡಲಿಲ್ಲ. ಬೆನ್ನಲ್ಲೂ ಸ್ವಲ್ಪ ದಿನ ನೀರು ತುಂಬುತ್ತಿತ್ತು, ಎರಡು ಸಲ ತೆಗೆಸಿದೆ. ಫಿಸಿಯೋಥೆರಪಿ ಮಾತ್ರ ತಪ್ಪಿಸಬೇಡಿ. ಎರಡು ತಿಂಗಳಿಗೆ ಶಾಲೆಗೆ ಹೋದೆ. ಮೊದಮೊದಲು ಕೈ ಭುಜದ ಮಟ್ಟಕ್ಕೇ ನಿಲ್ಲುತ್ತಿತ್ತು. ಬೋರ್ಡಿನ ಕೆಳಗಿನ ಅರ್ಧದಲ್ಲಿ ನಾನು ಬರೆಯುತ್ತಿದ್ದೆ, ಮೇಲಿನ ಅರ್ಧ ಕೊನೆ ಬೆಂಚಿನ ಉದ್ದನೆ ಹುಡುಗರಿಂದ ಬರೆಸುತ್ತಿದ್ದೆ.